ಲಾಸ್ ಏಂಜಲೀಸಿನಲ್ಲಿ ಬಿದ್ದ ಹಿಮ

ಮಹಿಳಾ ಸೆರೆಮನೆ
೧೨ ಸೆಪ್ಟೆಂಬರ್ ೨೦೦೮

ಸುಲ್ಮಾ,

ನಿನ್ನೆ ತೀರ್ಪು ಬಂತು. ಮೂವತ್ತು ವರ್ಷ. ನೀನು ಬಾರದಿದ್ದದ್ದೇ ಒಳ್ಳೆಯದಾಯಿತು, ನೋಡುವಂಥದ್ದೇನೂ ಇರಲಿಲ್ಲ. ಅರ್ಧ ದಿನದಲ್ಲಿ ಮುಗಿಸಿದರು. ಸರ್ಕಾರ ಕೊಟ್ಟ ವಕೀಲ ನನ್ನನ್ನು ನೋಡಿದ್ದು ಎರಡೇ ಸಲ, ಎರಡು ಸಲವೂ ಬೇರೆ ಯಾರದೋ ಹೆಸರು ಹಿಡಿದು ಕರೆದ. "ಬೇಜಾರು ಮಾಡ್ಕೋಬೇಡಮ್ಮ, ಐವತ್ತೂ ಕೊಡಬಹುದಿತ್ತು" ಎಂದು ಫೈಲು ಮಡಚಿಕೊಂಡು ಊಟಕ್ಕೆ ಹೋದ. ಗರ್ಭಪಾತ ಎಂದಿದ್ದರೆ ಹೆಚ್ಚೆಂದರೆ ಎಂಟು ವರ್ಷವಂತೆ. ಏಳು ತಿಂಗಳಾಗಿತ್ತಲ್ಲ, ಅದಕ್ಕೆ ಕೊಲೆ ಎಂದು ಬರೆದರು.

ನ್ಯಾಯಾಧೀಶರು ಕನ್ನಡಕ ತೆಗೆದು ಕೇಳಿದರು, "ತಾಯಿ ಅನ್ನಿಸಿಕೊಂಡೋಳು ಮಗೂನ ಎತ್ಕೋಬೇಕಿತ್ತು, ಹೊಕ್ಕುಳಬಳ್ಳಿ ಕಟ್ಟಬೇಕಿತ್ತು. ಯಾಕೆ ಮಾಡ್ಲಿಲ್ಲ?" ನಾನು ಹೇಳಿದೆ, ಹೊಟ್ಟೆನೋವು ಬಂದು ಕಕ್ಕಸಿಗೆ ಹೋದೆ ಸ್ವಾಮಿ, ಏನೋ ಜಾರಿದ ಹಾಗಾಯಿತು, ಆಮೇಲೆ ಎಚ್ಚರವಿರಲಿಲ್ಲ. ಎಚ್ಚರವಾದಾಗ ಆಸ್ಪತ್ರೆಯ ಮಂಚಕ್ಕೆ ನನ್ನ ಕೈ ಸೇರಿಸಿ ಬೇಡಿ ಹಾಕಿದ್ದರು. ಮಗು ಉಸಿರಾಡಿತ್ತೋ ಇಲ್ಲವೋ ಎಂಬುದು ಇಂದಿಗೂ ಯಾರಿಗೂ ಗೊತ್ತಿಲ್ಲ. ಅವರಿಗೆ ಮಾತ್ರ ಗೊತ್ತಂತೆ.

ಪೊಲೀಸರಿಗೆ ಬಂದ ಫೋನಿನ ಮಾತನ್ನೂ ಓದಿದರು. "ಬೇಗ ಬನ್ನಿ, ಕೂಸು ಕಕ್ಕಸಿನ ಗುಂಡಿಯಲ್ಲಿದೆ." ಫೋನು ಪಕ್ಕದ ಮನೆ ತೊಮಾಸಾ ಮುದುಕಿಯದು. ಇಪ್ಪತ್ತು ವರ್ಷ ನಮ್ಮ ಒಲೆಯಿಂದ ಕೆಂಡ ಕೊಂಡುಹೋದವಳು! ಅವಳ ನಾಲಿಗೆ ಸೇದಿಹೋಗಲಿ.

ಮಗಳು ನಿಡಿಯಾಳನ್ನು ನಿನ್ನ ಮಡಿಲಿಗೆ ಹಾಕಿದ್ದೇನೆ. ಒಂದೇ ಒಂದು ಮಾತು ನಡೆಸಿಕೊಡು. ಅವಳು ಈ ಬಾಗಿಲು ನೋಡಬಾರದು. ನಾನು ಇಲ್ಲಿರುವುದು, ಯಾಕಿರುವುದು, ಎರಡೂ ಅವಳಿಗೆ ಗೊತ್ತಾಗಬಾರದು. ಮೂವತ್ತು ವರ್ಷ ಕಳೆಯುತ್ತೇನೆ, ಆದರೆ ಅವಳು ಇಲ್ಲಿಗೆ ಬಂದರೆ ಒಂದು ದಿನವೂ ಉಳಿಯಲಾರೆ.

ನಿನ್ನ ಅಕ್ಕ
ಓರ್ಬೆಲಿನಾ

&nbsp;

ಎಲ್ ಹಿಕಾರಿತೋ
೨ ನವೆಂಬರ್ ೨೦೦೮

ಪ್ರೀತಿಯ ಅಕ್ಕ,

ಇವತ್ತು ಸತ್ತವರ ದಿನ. ಅಪ್ಪ ಅಮ್ಮನ ಸಮಾಧಿಗೆ ಸುಣ್ಣ ಹೊಡೆದು ಕಾಗದದ ಹೂವು ಕಟ್ಟಿದೆ. ಅವರ ಕಾಲ ಹತ್ತಿರ ಒಂದು ಗೇಣಿನ ಶಿಲುಬೆ ನೆಟ್ಟು ನೀಲಿ ಬಣ್ಣ ಬಳಿದೆ. ಕೆಳಗೆ ಏನೂ ಇಲ್ಲ, ಕೂಸನ್ನು ಪೊಲೀಸರು ಕೊಡಲೇ ಇಲ್ಲ. ಆದರೂ ನೆಟ್ಟೆ.

ನಿಡಿಯಾಳದು ಅಂದಿನಿಂದ ಒಂದೇ ಹಟ. "ಅಮ್ಮನ್ನ ಪೊಲೀಸ್ ಪಿಕಪ್‌ನಲ್ಲಿ ಆಸ್ಪತ್ರೆಗೆ ಕರ್ಕೊಂಡೋದ್ರಲ್ಲ, ಇನ್ನೂ ಯಾಕೆ ಬಂದಿಲ್ಲ?" ಎಷ್ಟು ದಿನ ಎಂದು ಜ್ವರ ಎನ್ನಲಿ? ಕೊನೆಗೆ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಅಮ್ಮ ಆಸ್ಪತ್ರೆಯಿಂದ ಹಾಗೆಯೇ ಅಮೆರಿಕಕ್ಕೆ ಹೋದಳು, ಲಾಸ್ ಏಂಜಲೀಸಿನಲ್ಲಿ ಬೇಕರಿ ಕೆಲಸ ಸಿಕ್ಕಿದೆ ಎಂದೆ. ಅವಳು ಅಳಲಿಲ್ಲ. ಅವಳ ತರಗತಿಯಲ್ಲಿ ಅರ್ಧ ಮಕ್ಕಳ ಅಮ್ಮಂದಿರು ಅಲ್ಲೇ ಇದ್ದಾರಲ್ಲ. "ಹಾಗಾದ್ರೆ ಕಾಗದ ಬರೀತಾಳಲ್ವಾ?" ಎಂದಳು. ಬರೆಯುತ್ತಾಳೆ ಎಂದೆ. ಇನ್ನು ನೀನುಂಟು, ಬೇಕರಿಯುಂಟು.

ಊರಿಗೆ ಎಲ್ಲ ಗೊತ್ತು. ಆದರೆ ಮಗುವಿನ ಮುಂದೆ ಯಾರೂ ಬಾಯಿ ಬಿಡಕೂಡದು ಎಂದು ತೊಮಾಸಜ್ಜಿ ಮನೆಮನೆಗೆ ಹೋಗಿ ಆಣೆ ಹಾಕಿಸಿಕೊಂಡು ಬಂದಿದ್ದಾಳೆ. ಅವಳ ವಿಷಯ ಬಿಟ್ಟುಬಿಡು ಅಕ್ಕ. ವಯಸ್ಸಾದವಳು.

ಭೇಟಿಗೆ ನನಗೆ ಬರಲಾಗುತ್ತಿಲ್ಲ. ಕಾಫಿ ಕೊಯ್ಲು ಶುರುವಾಗಿದೆ. ಚರ್ಚಿನ ಸಿಸ್ಟರ್ ಚೀಲಾ ತಿಂಗಳ ಮೊದಲ ಭಾನುವಾರ ಅಲ್ಲಿಗೆ ಪ್ರಾರ್ಥನೆಗೆ ಬರುತ್ತಾರೆ. ಕಾಗದ, ಸೋಪು ಎಲ್ಲ ಅವರ ಕೈಯಲ್ಲಿ ಕಳಿಸುತ್ತೇನೆ.

ಸುಲ್ಮಾ

&nbsp;

ಮಹಿಳಾ ಸೆರೆಮನೆ
೪ ಜನವರಿ ೨೦೦೯

ಸುಲ್ಮಾ,

ಎಂಥ ಸುಳ್ಳು ಹುಡುಕಿದೆಯೇ! ಕಾಗದ ಓದಿ ಮೊದಲು ಸಿಟ್ಟು ಬಂತು, ಆಮೇಲೆ ಇಡೀ ವಾರ ಅದೇ ಗುಂಗು. ಈಗ ನನಗೆ ಲಾಸ್ ಏಂಜಲೀಸಿನಲ್ಲಿ ಬಾಡಿಗೆ ಕೋಣೆಯಿದೆ. ಬಾಗಿಲಿಗೆ ಹಳದಿ ಬಣ್ಣ. ಬೇಕರಿಯ ಯಜಮಾನ ದಢೂತಿ, ಆದರೆ ಒಳ್ಳೆಯವನು. ಹಿಟ್ಟಿನ ಮೂಟೆಯ ಮೇಲೆ ಒಂಟಿಕಿವಿಯ ಬೆಕ್ಕೊಂದು ಮಲಗುತ್ತದೆ, ನಾನು ಹೋದರಷ್ಟೇ ಎದ್ದು ಜಾಗ ಬಿಡುತ್ತದೆ. ಇದನ್ನೆಲ್ಲ ಜೊತೆಗಿಟ್ಟ ಕಾಗದದಲ್ಲಿ ನಿಡಿಯಾಗೆ ಬರೆದಿದ್ದೇನೆ. ಕ್ರಿಸ್‌ಮಸ್ಸಿಗೆ ಹಿಮ ಬಿದ್ದಿತ್ತು, ಮೊಣಕಾಲುದ್ದ, ಎಂದೂ ಬರೆದೆ. ಟೀವಿಯಲ್ಲಿ ನೋಡಿದ್ದು ನೆನಪಿತ್ತು.

ನಿಜವಾಗಿ ಇರುವುದು ಹೇಗೆಂದು ನಿನಗೆ ಬರೆಯಲೇ? ಒಂದು ಮಂಚಕ್ಕೆ ಇಬ್ಬರು, ಅದರ ಕೆಳಗೆ ನೆಲದಲ್ಲಿ ಇಬ್ಬರು. ನಾನು ನೆಲದವಳು. ಯಾವ ಕೇಸು ಎಂದು ಗೊತ್ತಾದ ದಿನವೇ ನನಗೆ ಹೆಸರಿಟ್ಟರು, ಮಗು ತಿಂದವಳು. ಗಂಡನ ಕತ್ತು ಕೊಯ್ದವಳೊಬ್ಬಳು ಪಕ್ಕದಲ್ಲಿ ಮಲಗಲು ಒಪ್ಪಲಿಲ್ಲ. "ನನಗೂ ಮರ್ಯಾದೆ ಇದೆ" ಎಂದಳು!

ತೊಮಾಸಾ ಆಣೆ ಹಾಕಿಸಿದಳಂತೆ. ಮನೆಗೆ ಬೆಂಕಿ ಇಟ್ಟವಳು ಕೊಡದಲ್ಲಿ ನೀರು ಹಿಡಿದು ಓಡಾಡಿದ ಹಾಗಾಯಿತು. ಅವಳ ಕೈಯಿಂದ ನನ್ನ ಮಗಳು ಒಂದು ತುತ್ತೂ ತಿನ್ನಬಾರದು.

ಓರ್ಬೆಲಿನಾ

&nbsp;

ಎಲ್ ಹಿಕಾರಿತೋ
೨೭ ಫೆಬ್ರವರಿ ೨೦೦೯

ಅಕ್ಕ,

ನಿನ್ನ ಹಿಮದಿಂದ ನನ್ನ ತಲೆ ಹೋಯಿತು. ನಿಡಿಯಾ ಕಾಗದವನ್ನು ಶಾಲೆಗೆ ಕೊಂಡುಹೋಗಿ ಎಲ್ಲರಿಗೂ ಓದಿ ಹೇಳಿದ್ದಾಳೆ. ಒಬ್ಬ ಹುಡುಗಿಯ ಅಪ್ಪ ಅದೇ ಊರಿನಲ್ಲಿ ಹೆಂಚು ಹಾಕುವ ಕೆಲಸದಲ್ಲಿದ್ದಾನಂತೆ. "ಅಲ್ಲಿ ಹಿಮವೂ ಇಲ್ಲ ಮಣ್ಣೂ ಇಲ್ಲ, ನಿಮ್ಮಮ್ಮ ಸುಳ್ಳಿ" ಎಂದಳಂತೆ. ಇವಳು ಅವಳ ಜಡೆ ಹಿಡಿದು ಎಳೆದಾಡಿ ಮನೆಗೆ ಬಂದಳು. ಬಂದವಳು ನನ್ನ ಮುಖವನ್ನೇ ನೋಡುತ್ತ ನಿಂತಳು. "ಆಲಿಕಲ್ಲು ಇರಬೇಕು ಕಣೇ, ನಿಮ್ಮಮ್ಮನಿಗೆ ಹೆಸರು ಗೊತ್ತಿಲ್ಲ" ಎಂದೆ. "ಹೂಂ, ಆಲಿಕಲ್ಲೇ ಇರಬೇಕು" ಎಂದು ತೊರ್ತಿಯಾ ರೊಟ್ಟಿ ತಟ್ಟಲು ಕೂತಳು. ನಂಬಿದಳು, ದೇವರ ದಯೆ. ಇನ್ನು ಮುಂದೆ ಹವಾಮಾನದ ಗೊಡವೆಗೆ ಹೋಗಬೇಡ. ಬೆಕ್ಕಿನ ಬಗ್ಗೆಯೇ ಬರೆ.

ಅವಳ ಉತ್ತರವೂ ಇದರಲ್ಲಿದೆ. ಬೆಕ್ಕಿಗೆ ಇನ್ನೊಂದು ಕಿವಿ ಏನಾಯಿತು ಎಂದು ಕೇಳಿದ್ದಾಳೆ.

ಸುಲ್ಮಾ

&nbsp;

ಎಲ್ ಹಿಕಾರಿತೋ
೧೯ ಮೇ ೨೦೧೧

ಅಕ್ಕ,

ತೊಮಾಸಜ್ಜಿ ತೀರಿಕೊಂಡಳು. ಸಕ್ಕರೆ ಕಾಯಿಲೆ, ಕಾಲು ಕೊಳೆತಿತ್ತು. ಒಂಬತ್ತು ದಿನದ ಪ್ರಾರ್ಥನೆಗೆ ನಾವಿಬ್ಬರೂ ಹೋದೆವು. ನಿನಗೆ ಇಷ್ಟವಿಲ್ಲ ಎಂದು ಗೊತ್ತು. ಆದರೆ ಈ ಮೂರು ವರ್ಷ ಪ್ರತಿ ಶನಿವಾರ ನಿಡಿಯಾಗೆ ಬಾಳೆಎಲೆಯಲ್ಲಿ ಸುತ್ತಿದ ತಮಾಲೆ ಕಡುಬು ತಂದುಕೊಡುತ್ತಿದ್ದಳು, ನಿನಗೆ ಹೇಳಿರಲಿಲ್ಲ. ಸಾಯುವ ಮುಂಚೆ ನನ್ನ ಕೈ ಹಿಡಿದು "ನಿನ್ನ ಅಕ್ಕನಿಗೆ ನನ್ನ ಮೇಲೆ ಕೋಪ ಇದ್ರೆ ಇರಲಿ ಬಿಡು. ಕೋಪ ಮಾಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ" ಎಂದಳು.

ಅಕ್ಕ, ನಿನಗೆ ಒಂದು ವಿಷಯ ಬರೆಯಬೇಕೆಂದು ಕೂತಿದ್ದೆ. ಸಿಸ್ಟರ್ ಚೀಲಾ ಬಾಗಿಲಲ್ಲಿ ಕಾಯುತ್ತಿದ್ದಾರೆ. ಇನ್ನೊಮ್ಮೆ ಬರೆಯುತ್ತೇನೆ.

ಸುಲ್ಮಾ

&nbsp;

ಮಹಿಳಾ ಸೆರೆಮನೆ
೫ ಜೂನ್ ೨೦೧೧

ಸುಲ್ಮಾ,

ಕಾಗದ ಓದಿ ನಾನು ಕುಣಿದೆ. ಸುಳ್ಳಲ್ಲ, ಬಟ್ಟೆ ಒಗೆಯುವ ತೊಟ್ಟಿಯ ಹತ್ತಿರ ನಿಜವಾಗಿ ಕುಣಿದೆ. ಏನೇ ಹಬ್ಬ ಎಂದು ಕೇಳಿದವರಿಗೆ, ನನ್ನನ್ನು ಇಲ್ಲಿಗೆ ಕಳಿಸಿದವಳ ಕಾಲು ಕೊಳೆತು ಹೋಯಿತು ಎಂದೆ. ಆ ತಮಾಲೆ ನನ್ನ ಮಗಳ ಹೊಟ್ಟೆಯಲ್ಲಿ ವಿಷವಾಗದಿದ್ದದ್ದೇ ಪುಣ್ಯ. ಅವಳ ಹೆಸರು ಇನ್ನು ಬರೆಯಬೇಡ.

ನೀನು ಬರೆಯಬೇಕೆಂದಿದ್ದ ವಿಷಯ ಏನೆಂದು ನನಗೆ ಗೊತ್ತು. ಮದುವೆ ತಾನೇ? ಸಿಸ್ಟರ್ ಚೀಲಾ ಬಾಯಿ ಬಿಟ್ಟರು, ಹಾಲಿನ ಗಾಡಿಯವನು ನಿಮ್ಮ ಬಾಗಿಲಲ್ಲಿ ಬಹಳ ಹೊತ್ತು ನಿಲ್ಲುತ್ತಾನಂತೆ. ನನ್ನ ಮಗಳಿಗೋಸ್ಕರ ಬೇಡ ಎನ್ನಬೇಡ. ಮಾಡಿಕೋ. ಆದರೆ ಬಸುರಾದರೆ ಹುಷಾರಾಗಿರು. ನಮ್ಮ ದೇಶದಲ್ಲಿ ಬಡವರ ಹೊಟ್ಟೆಗೆ ನೋವು ಬರುವುದೂ ಅಪರಾಧ.

ಓರ್ಬೆಲಿನಾ

&nbsp;

ಎಲ್ ಹಿಕಾರಿತೋ
೩೦ ಆಗಸ್ಟ್ ೨೦೧೪

ಅಕ್ಕ,

ನವೆಂಬರಿಗೆ ನಿಡಿಯಾಗೆ ಹದಿನೈದು. ಊರಿನ ಬೇರೆ ಹುಡುಗಿಯರಿಗೆ ಹದಿನೈದು ತುಂಬಿದಾಗ ಮಾಡುವಂಥ ದೊಡ್ಡ ಹಬ್ಬದ ಶಕ್ತಿ ನಮಗಿಲ್ಲ, ಚರ್ಚಿನಲ್ಲಿ ಪೂಜೆ, ಒಂದು ಕೇಕು. ಉಡುಪು ಮಾತ್ರ ಅಮ್ಮನೇ ಕಳಿಸುತ್ತಾಳೆ ಎಂದು ಹೇಳಿದ್ದೇನೆ. ನೀನು ಅಲ್ಲಿ ಹೊಲಿಗೆ ವಿಭಾಗದಲ್ಲಿ ಇದ್ದೀಯಲ್ಲ. ಅಳತೆಯ ದಾರ ಇದರಲ್ಲಿಟ್ಟಿದ್ದೇನೆ, ನಮ್ಮಮ್ಮ ಮಾಡುತ್ತಿದ್ದ ಹಾಗೆ. ಮೊದಲ ಗಂಟು ಎದೆ, ಎರಡನೆಯದು ಸೊಂಟ, ಮೂರನೆಯದು ಉದ್ದ.

ಈಗ ಅವಳು ನಿನ್ನ ಕಾಗದ ಬಂತೇ ಎಂದು ಮೊದಲಿನಂತೆ ಕೇಳುವುದಿಲ್ಲ. ಬಂದರೆ ಓದಿ ಮಡಚಿಟ್ಟು ಅವತ್ತೇ ಉತ್ತರ ಬರೆಯುತ್ತಾಳೆ, ಶಾಲೆಯ ಮನೆಪಾಠ ಮುಗಿಸಿದಂತೆ. ದೊಡ್ಡವಳಾಗುತ್ತಿದ್ದಾಳೆ, ಅಷ್ಟೇ.

ಸುಲ್ಮಾ

&nbsp;

ಮಹಿಳಾ ಸೆರೆಮನೆ
೨ ನವೆಂಬರ್ ೨೦೧೪

ಸುಲ್ಮಾ,

ದಾರವನ್ನು ಗೇಟಿನಲ್ಲೇ ಕಿತ್ತುಕೊಂಡರು. "ನೇಣು ಹಾಕ್ಕೊಂಡ್ರೆ ಯಾರು ಹೊಣೆ?" ಎಂದಳು ವಾರ್ಡನ್. ಅಷ್ಟು ತೆಳುವಾದ ದಾರದಲ್ಲಿ ಇಲಿಯೂ ನೇಣು ಹಾಕಿಕೊಳ್ಳದು. ಬೇಡಿಕೊಂಡೆ, ಕಾಲು ಹಿಡಿದೆ, ಕೊಡಲಿಲ್ಲ. ಕೊನೆಗೆ ಊಹೆಯ ಮೇಲೆ ಹೊಲಿದೆ. ಕಣ್ಣು ಮುಚ್ಚಿದರೆ ಬರುವುದು ಎಂಟು ವರ್ಷದ ಹುಡುಗಿ, ಅದಕ್ಕೆ ಅಷ್ಟಿಷ್ಟು ಸೇರಿಸಿದೆ. ಗುಲಾಬಿ ಬಣ್ಣ, ಕುತ್ತಿಗೆಗೆ ಬಿಳಿ ದಾರದ ಹೂವು. ಕಾಲರಿನ ಒಳಗೆ ಲಾಸ್ ಏಂಜಲೀಸಿನ ಒಂದು ಅಂಗಡಿಯ ಚೀಟಿ ಹೊಲಿದಿದ್ದೇನೆ, ಇಲ್ಲಿನವಳೊಬ್ಬಳು ತನ್ನ ಹಳೆಯ ಅಂಗಿಯಿಂದ ಕಿತ್ತು ಕೊಟ್ಟಳು.

ಸರಿಹೋಯಿತೋ ಇಲ್ಲವೋ ನಿಜ ಬರೆ.

ಓರ್ಬೆಲಿನಾ

&nbsp;

ಎಲ್ ಹಿಕಾರಿತೋ
೨೮ ನವೆಂಬರ್ ೨೦೧೪

ಅಕ್ಕ,

ಅಳತೆ ಹೇಳಿ ಮಾಡಿಸಿದ ಹಾಗಿತ್ತು. ಚರ್ಚಿನಲ್ಲಿ ಎಲ್ಲರೂ ಇವಳನ್ನೇ ನೋಡುತ್ತಿದ್ದರು. ಚೀಟಿಯನ್ನು ಬೆರಳಿನಿಂದ ಸವರಿ "ಅಮ್ಮನ ಹೊಲಿಗೆ ಎಷ್ಟು ಸಣ್ಣ" ಎಂದಳು. ಅಂಗಡಿಯದು ಕಣೇ ಎಂದೆ. "ಹೌದಲ್ವಾ" ಎಂದು ನಕ್ಕಳು.

ಸುಲ್ಮಾ

&nbsp;

ಎಲ್ ಹಿಕಾರಿತೋ
೩ ಮಾರ್ಚ್ ೨೦೧೮

ಪ್ರೀತಿಯ ಅಕ್ಕ,

ಮೂರು ತಿಂಗಳಿಂದ ಕಾಗದವಿಲ್ಲ ಎಂದು ಕೋಪಿಸಿಕೊಳ್ಳಬೇಡ. ಒಳ್ಳೆಯ ಸುದ್ದಿಯಿದೆ. ನಿಡಿಯಾ ಅಮೆರಿಕಕ್ಕೆ ಹೋದಳು. ನಿಜವಾಗಿಯೇ! ಜನವರಿಯಲ್ಲಿ ಹೊರಟಳು, ದಾರಿಯಲ್ಲಿ ಏನೂ ತೊಂದರೆಯಾಗಲಿಲ್ಲ, ಈಗ ಲಾಸ್ ಏಂಜಲೀಸಿನಲ್ಲಿ ಕ್ಷೇಮ. ಅಲ್ಲಿಗೆ ಹೋದ ಮೇಲೆ ನಿನ್ನ ವಿಷಯ ಹೇಗೋ ತಿಳಿಯಿತಂತೆ, ಕೋಪವಿಲ್ಲವಂತೆ. ಫೋನಿನಲ್ಲಿ ಅವಳು ಹೇಳಿದ್ದನ್ನು ನಿನಗೋಸ್ಕರ ಬರೆದುಕೊಂಡೆ, ಅದಕ್ಕೇ ಅಕ್ಷರ ನನ್ನದು.

"ಅಮ್ಮಾ, ನನಗೆ ಬೇಕರಿಯಲ್ಲಿ ಕೆಲಸ ಸಿಕ್ಕಿದೆ. ಯಜಮಾನರು ದಪ್ಪಗಿದ್ದಾರೆ, ಒಳ್ಳೆಯವರು. ಕೋಣೆಯ ಬಾಗಿಲು ಹಳದಿ. ಹಿಟ್ಟಿನ ಮೂಟೆಯ ಮೇಲೆ ಒಂದು ಬೆಕ್ಕು ಮಲಗುತ್ತದೆ. ನೀನು ಚಿಂತೆ ಮಾಡಬೇಡ."

ಅವಳು ಈಗ ಎಲ್ಲದರಿಂದ ದೂರ ಅಕ್ಕ. ನೀನು ಬಯಸಿದ್ದೂ ಅದನ್ನೇ ಅಲ್ಲವೇ.

ಸುಲ್ಮಾ

&nbsp;

ಮಹಿಳಾ ಸೆರೆಮನೆ
೧ ಏಪ್ರಿಲ್ ೨೦೧೮

ಸುಲ್ಮಾ,

ಆ ಬೆಕ್ಕಿಗೆ ಕಿವಿ ಎಷ್ಟು ಎಂದು ಕೇಳಿ ಬರೆ.

ಓರ್ಬೆಲಿನಾ

&nbsp;

ಎಲ್ ಹಿಕಾರಿತೋ
೨ ಜೂನ್ ೨೦೧೮

ಅಕ್ಕ,

ಕೇಳಿದೆ. ಎರಡು ಕಿವಿಯಂತೆ. ಬೇರೆ ಬೆಕ್ಕು. ಬೇಕರಿಯೆಂದ ಮೇಲೆ ಬೆಕ್ಕಿರುವುದಿಲ್ಲವೇ? ನೀನು ಸುಮ್ಮನೆ ಏನೇನೋ ಯೋಚಿಸಬೇಡ. ಅವಳು ಊಟ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ. ಆಗಸ್ಟಿನಲ್ಲಿ ಅವಳದೊಂದು ಕೆಲಸವಿದೆ, ಒಳ್ಳೆಯದಾಗಲಿ ಎಂದು ಪ್ರಾರ್ಥಿಸು. ಎಂಥ ಕೆಲಸ ಎಂದು ಕೇಳಬೇಡ. ಗಟ್ಟಿಯಾಗಿ ಪ್ರಾರ್ಥಿಸು ಅಕ್ಕ.

ಸುಲ್ಮಾ

&nbsp;

ಮಹಿಳಾ ಸೆರೆಮನೆ
೧೨ ಆಗಸ್ಟ್ ೨೦೧೮

ಸುಲ್ಮಾ,

ಲಾಸ್ ಏಂಜಲೀಸಿನಿಂದ ಇನ್ನು ಕಾಗದ ಬರೆಯಬೇಡ. ಅವಳು ಬಂದಿದ್ದಾಳೆ.

ಮಂಗಳವಾರ ಕೋರ್ಟಿನ ಬಸ್ಸಿನಿಂದ ಹನ್ನೊಂದು ಜನ ಇಳಿದರು. ಬಟ್ಟೆ ಹಂಚುವ ಕೆಲಸ ನನ್ನದು. ತಲೆ ಬಗ್ಗಿಸಿ ಅಂಗಿ ಕೊಡುತ್ತ ಹೋದೆ, ಏಳನೆಯವಳು ತೆಗೆದುಕೊಳ್ಳಲಿಲ್ಲ. "ತಗೊಳ್ಳೇ, ಸಾಲು ನಿಂತಿದೆ" ಎಂದೆ. "ಬೆಕ್ಕಿಗೆ ಇನ್ನೊಂದು ಕಿವಿ ಏನಾಯ್ತಮ್ಮ?" ಎಂದಳು. ನಾನು ಹತ್ತು ವರ್ಷದಲ್ಲಿ ಒಮ್ಮೆಯೂ ವಾರ್ಡನ್‌ಗಳ ಮುಂದೆ ಅತ್ತಿರಲಿಲ್ಲ.

ಅವಳಿಗೂ ಮೂವತ್ತು. ಅದೇ ಪ್ರಶ್ನೆ, ತಾಯಿಯಾದವಳು ಯಾಕೆ ಎತ್ತಿಕೊಳ್ಳಲಿಲ್ಲ? ನ್ಯಾಯಾಧೀಶರು ಬೇರೆಯಂತೆ, ಈ ಸಲ ಹೆಂಗಸು. ನಾನು ಒಳಗಿದ್ದೇನೆ ಎಂಬುದನ್ನೂ ಅವಳ ವಿರುದ್ಧ ವಾದಿಸಿದ ವಕೀಲ ಎತ್ತಿ ಆಡಿದನಂತೆ, ರಕ್ತದಲ್ಲೇ ಬಂದಿದೆ ಎಂದು.

ಐದು ದಿನದಿಂದ ಅವಳು ಹೇಳುತ್ತಿದ್ದಾಳೆ, ನಾನು ಕೇಳುತ್ತಿದ್ದೇನೆ. ಹಿಮ ಬಿದ್ದಿತು ಎಂದು ನಾನು ಬರೆದ ಕಾಗದವನ್ನು ಶಾಲೆಯಲ್ಲಿ ಓದಿದ ದಿನವೇ ಅವಳಿಗೆ ಎಲ್ಲ ಗೊತ್ತಾಗಿತ್ತಂತೆ. ಶಾಲೆಯಿಂದ ನೇರ ತೊಮಾಸಾ ಮನೆಗೆ ಹೋಗಿ ಕೇಳಿದಳಂತೆ. ಮುದುಕಿ ಸುಳ್ಳು ಹೇಳಲಿಲ್ಲ. "ನಿಮ್ಮಮ್ಮ ಬರೀಲಿ, ನೀನು ಓದು. ಅವಳಿಗೆ ಅಲ್ಲಿ ಅದೊಂದೇ ಹೊರಗಿನ ಗಾಳಿ" ಎಂದಳಂತೆ. ಒಂಬತ್ತು ವರ್ಷ ನನ್ನ ಮಗಳು ನನ್ನ ಬೇಕರಿಯನ್ನು ಸಾಕಿದಳು ಸುಲ್ಮಾ. ನಾನು ಅವಳಿಗಾಗಿ ಬರೆಯುತ್ತಿದ್ದೇನೆ ಎಂದುಕೊಂಡಿದ್ದೆ.

ಫೋನಿನ ವಿಷಯವನ್ನೂ ಹೇಳಿದಳು. ಅವತ್ತು ನಿನ್ನ ಲಂಗ ಹಿಡಿದು ತೊಮಾಸಾ ಮನೆಗೆ ಓಡಿದ್ದು ಅವಳೇ ಅಲ್ಲವೇ. ಫೋನು ಮುದುಕಿಯದು, ದನಿ ನಿನ್ನದು. ಹತ್ತು ವರ್ಷ ಸತ್ತವಳನ್ನೂ ಬಿಡದೆ ನಾನು ಶಪಿಸಿದೆ, ನೀನು ಓದಿ ಮಡಚಿಟ್ಟೆ. ನಾನು ಕುಣಿದೆ ಎಂದು ಬರೆದಾಗಲೂ ಮಡಚಿಟ್ಟೆ. ಬರಲಾಗುತ್ತಿಲ್ಲ, ಕೊಯ್ಲು, ಕಳೆ, ಬಸ್ಸಿಲ್ಲ ಎಂದು ನೀನು ಬರೆದದ್ದನ್ನು ನಾನು ಬಡತನ ಎಂದುಕೊಂಡಿದ್ದೆ. ನಿನಗೆ ನನ್ನ ಮುಖ ನೋಡುವ ಧೈರ್ಯವಿರಲಿಲ್ಲ.

ಪೊಲೀಸರನ್ನು ಯಾಕೆ ಕರೆದೆ ಎಂದು ಕೇಳುವುದಿಲ್ಲ. ನಮ್ಮೂರಲ್ಲಿ ಹಾವು ಕಚ್ಚಿದರೂ ಹೆರಿಗೆ ನೋವು ಬಂದರೂ ಪೊಲೀಸ್ ಪಿಕಪ್ಪೇ ಗತಿ, ಬೇರೆ ಗಾಡಿ ಎಲ್ಲಿದೆ? ನಿನ್ನ ಜಾಗದಲ್ಲಿದ್ದರೆ ನಾನೂ ಕರೆಯುತ್ತಿದ್ದೆ. ರಕ್ತ ಹರಿದು ಸಾಯುವವಳು ಉಳಿಯಲಿ ಎಂದು ನೀನು ಕರೆದೆ, ನಾನು ಉಳಿದೆ. ಅದೊಂದು ಮಾತನ್ನು ಬರೆದಿದ್ದರೆ ನನ್ನ ಬೈಗುಳ ಒಬ್ಬ ಒಳ್ಳೆಯ ಮುದುಕಿಯ ಮೇಲೆ ಬೀಳುತ್ತಿರಲಿಲ್ಲ. ನಿನ್ನನ್ನು ಒಂದು ತಿಂಗಳು ಬೈದು ಸುಮ್ಮನಾಗುತ್ತಿದ್ದೆ.

ಆದರೆ ಬಸುರಿ ನಿಡಿಯಾಗೆ ಏಳನೇ ತಿಂಗಳಲ್ಲಿ ರಕ್ತ ಹೋಗಲು ಶುರುವಾದಾಗ ನೀನು ಯಾರನ್ನೂ ಕರೆಯಲಿಲ್ಲ. ಬಾಗಿಲು ಹಾಕಿ ಎರಡು ದಿನ ಕಷಾಯ ಕುಡಿಸಿದೆ. "ಒಂದ್ಸಲ ಕರೆದು ಕೆಟ್ಟೆ ಕಣೇ, ಇನ್ನೊಂದ್ಸಲ ಕರೆಯಲ್ಲ" ಎಂದು ಅವಳ ಪಾದ ಹಿಡಿದು ಅತ್ತೆಯಂತೆ. ಮೂರನೇ ದಿನ ಕೂಸು ಜಾರಿ, ಅವಳು ಮಾತು ನಿಲ್ಲಿಸಿದ ಮೇಲೆ ತೂಗುಬಲೆಯಲ್ಲಿ ಹಾಕಿ, ಬಿದಿರಿಗೆ ಕಟ್ಟಿ, ಹೆದ್ದಾರಿಯವರೆಗೆ ಹೊತ್ತುಕೊಂಡು ಹೋದಿರಿ. ಆಸ್ಪತ್ರೆಯವರು ಕೇಳಿದ್ದು ಒಂದೇ, ಎರಡು ದಿನ ಯಾಕೆ ಬಚ್ಚಿಟ್ಟಿರಿ? ಬಚ್ಚಿಟ್ಟದ್ದೇ ಸಾಕ್ಷಿಯಾಯಿತು. ಕರೆದರೂ ಇಲ್ಲಿಗೆ, ಕರೆಯದಿದ್ದರೂ ಇಲ್ಲಿಗೆ. ಹಾಗಾದರೆ ನೀನು ಮಾಡಬೇಕಾಗಿದ್ದು ಏನು? ಐದು ದಿನದಿಂದ ಯೋಚಿಸುತ್ತಿದ್ದೇನೆ, ನನಗೆ ಹೊಳೆದಿಲ್ಲ. ಹೊಳೆಯದಿರುವುದರಿಂದಲೇ ನಿನ್ನ ಮೇಲೆ ಪೂರ್ತಿ ಕೋಪ ಮಾಡಿಕೊಳ್ಳಲೂ ಆಗುತ್ತಿಲ್ಲ. ತೊಮಾಸಾ ಹೇಳಿದ್ದು ನಿಜ, ಯಾರಾದರೂ ಬೇಕು. ಈಗ ಯಾರೂ ಸಿಗುತ್ತಿಲ್ಲ.

ಅವಳಿಗೂ ಇಲ್ಲಿ ಹೆಸರಿಟ್ಟಿದ್ದಾರೆ. ಮೊದಲು ಹಾಗೆ ಕರೆದವಳ ಬಾಯಿಗೆ ನಾನು ಬಕೆಟ್ಟಿನಿಂದ ಹೊಡೆದೆ. ಎರಡು ತಿಂಗಳು ಹೊಲಿಗೆ ಕೆಲಸವಿಲ್ಲ ಎಂದರು, ಇರಲಿ. ನನಗೆ ಹತ್ತು ವರ್ಷದ ಮೇಲೆ ಸಿಕ್ಕ ಮಂಚವನ್ನು ಅವಳಿಗೆ ಬಿಟ್ಟು ಮತ್ತೆ ನೆಲಕ್ಕೆ ಬಂದಿದ್ದೇನೆ. ನನ್ನದು ಮುಗಿಯುವಾಗ ಅವಳಿಗೆ ಇನ್ನೂ ಹತ್ತು ವರ್ಷ ಬಾಕಿಯಿರುತ್ತದೆ. ಆಗ ಅವಳಿಗೆ ನಾನು ಕಾಗದ ಬರೆಯುತ್ತೇನೆ, ಹೊರಗಿನಿಂದ.

ಹದಿನೈದರ ಉಡುಪು ಸರಿಹೋಯಿತು ಎಂದು ಬರೆದಿದ್ದೆಯಲ್ಲ. ಬೆನ್ನ ಹೊಲಿಗೆ ಪೂರ್ತಿ ಬಿಚ್ಚಿ ಒಳಗೆ ನಿನ್ನ ಹಳೆಯ ಲಂಗದ ಪಟ್ಟಿ ಸೇರಿಸಿದೆಯಂತೆ. ಇಡೀ ದಿನ ಬೆನ್ನಿಗೆ ಶಾಲು ಹೊದ್ದು ನಿಂತಿದ್ದಳಂತೆ.

ಸಿಸ್ಟರ್ ಚೀಲಾ ಕೈಯಲ್ಲಿ ಇನ್ನು ಏನೂ ಕಳಿಸಬೇಡ. ಮುಂದಿನ ಭೇಟಿಗೆ ನೀನೇ ಬಾ. ಬೈಯುವುದಿದ್ದರೆ ಎದುರಿಗೆ ಬೈಯುತ್ತೇನೆ. ಬರುವಾಗ ಇಲ್ಲಿ ತೊಡಲು ಬಿಳಿ ಅಂಗಿ ಎರಡು ಜೊತೆ ತಾ. ಅಳತೆಯ ದಾರ ಬೇಡ. ಪಕ್ಕದಲ್ಲಿ ನಿಲ್ಲಿಸಿ ನೋಡಿದೆ, ಈಗ ಅವಳದೂ ನನ್ನದೂ ಒಂದೇ ಅಳತೆ.

ಓರ್ಬೆಲಿನಾ